ಹದಿನೆಂಟು ವೋಲ್ಟಿನ ಜೇನು

ಶಂಭುಲಿಂಗನ ಭಾನುವಾರ ಹಾಳಾದದ್ದು ಅವನ ತಾಯಿ ಕರೆವ್ವನ ಭಕ್ತಿಯಿಂದ. ಭಕ್ತಿ ಒಳ್ಳೆಯದೇ, ಅದರ ಬಗ್ಗೆ ಯಾರ ತಕರಾರೂ ಇಲ್ಲ. ಆದರೆ ಕರೆವ್ವನ ಭಕ್ತಿಗೆ ಎಲ್ಲೆ ಎಂಬುದೇ ಇರಲಿಲ್ಲ. ಅಮವಾಸ್ಯೆ ಬಂತೆಂದರೆ ರಾಣೆಬೆನ್ನೂರಿನ ಆ ಓಣಿಯವರೆಲ್ಲ ಮೋಟರ್ ಸೈಕಲ್ಲಿಗೆ, ತಕ್ಕಡಿಗೆ, ಹೊಲಿಗೆ ಮಷೀನಿಗೆ ಪೂಜೆ ಮಾಡಿ ಸುಮ್ಮನಾಗುತ್ತಿದ್ದರು. ಕರೆವ್ವ ಮಾತ್ರ ಮಿಕ್ಸರಿಗೂ ವಿಭೂತಿ ಹಚ್ಚಿ, ಟಿ.ವಿ. ರಿಮೋಟಿಗೂ ಹೂ ಏರಿಸುತ್ತಿದ್ದಳು. ಈ ಶುಕ್ರವಾರದ ಅಮವಾಸ್ಯೆಗೆ ಮಗ ಹೊಸದಾಗಿ ತಂದಿದ್ದ ಬೇಸ್ ಗಿಟಾರು ಅವಳ ಕಣ್ಣಿಗೆ ಬಿದ್ದಿತ್ತು.

ಶಂಭುಲಿಂಗ ಹಗಲೆಲ್ಲ ಬೀಜ-ಗೊಬ್ಬರದ ಅಂಗಡಿಯಲ್ಲಿ ಹತ್ತಿ ಬೀಜ ಮಾರುವವ. ಮದುವೆ ಸೀಜನ್ನು ಶುರುವಾದರೆ ಫಿರೋಜನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರು ಬಾರಿಸುವವ. ನಾಲ್ಕೇ ತಂತಿ, ಒಂದೊಂದೂ ಎಮ್ಮೆ ಕಟ್ಟುವಷ್ಟು ದಪ್ಪ. ಅದರ ದನಿ ಎಷ್ಟು ಕೆಳಗಿನದೆಂದರೆ ಹಾಡಿನ ಕೆಳಗೆಲ್ಲೋ ಮಲಗಿರುತ್ತದೆ. ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲದಿದ್ದಾಗ ಗೊತ್ತಾಗುತ್ತದೆ ಎಂದು ಶಂಭುಲಿಂಗ ಹೇಳುತ್ತಿದ್ದ. ಅದನ್ನು ನಂಬುತ್ತಿದ್ದವನೂ ಅವನೊಬ್ಬನೇ.

ಹುಬ್ಬಳ್ಳಿಯಿಂದ ತಂದ ಈ ಹೊಸ ಗಿಟಾರು ಭಾರೀ ಜಾತಿಯದು. ಅದರ ಹೊಟ್ಟೆಯಲ್ಲೇ ಒಂದು ಪುಟ್ಟ ಎಲೆಕ್ಟ್ರಾನಿಕ್ ಸರ್ಕೀಟು. ಆ ಸರ್ಕೀಟಿಗೆ ಒಂಬತ್ತು ವೋಲ್ಟಿನ ಎರಡು ಚೌಕ ಬ್ಯಾಟರಿ, ಕೂಡಿ ಹದಿನೆಂಟು ವೋಲ್ಟು. ದನಿ ನೀರಿನ ಹಾಗೆ ತಿಳಿ, ಒಂದಿಷ್ಟೂ ಗುಂಯ್‌ಗುಡುವಿಕೆ ಇಲ್ಲ. ಅದಕ್ಕೇ ಮರುಳಾಗಿ ತಂದಿದ್ದ. ಬೆರಳಿಡುವ ಜಾಗ ಕತ್ತಲಲ್ಲೂ ಕಾಣಲೆಂದು ಕುತ್ತಿಗೆಯ ಉದ್ದಕ್ಕೂ ಸಣ್ಣ ಸಣ್ಣ ನೀಲಿ ದೀಪಗಳಿದ್ದವು. ಆದರೆ ಸ್ವಿಚ್ಚು ಇರಲಿಲ್ಲ. ವಾಯರಿನ ತುದಿಯನ್ನು ತೂತಿಗೆ ಸಿಕ್ಕಿಸಿದರೆ ಬ್ಯಾಟರಿ ಚಾಲೂ, ಕಿತ್ತರೆ ಬಂದ್. ಬ್ಯಾಟರಿ ಸತ್ತರೆ ಗಿಟಾರಿಗೂ ಬಾಯಿಲ್ಲ. ಬಾರಿಸಿದ ಮೇಲೆ ವಾಯರು ಕೀಳಬೇಕು ಎಂದು ಅವನು ಮನೆಮಂದಿಗೆಲ್ಲ ಹೇಳಿದ್ದ. ಕರೆವ್ವನಿಗೆ ಮಾತ್ರ ಹೇಳಿರಲಿಲ್ಲ, ಅವಳೇನು ಬಾರಿಸುವವಳೇ!

ಭಾನುವಾರ ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಗಿಟಾರಿನ ಹೊಟ್ಟೆಗೆ ಮೂರು ಬೆರಳಿನ ವಿಭೂತಿ, ತಂತಿಗಳ ಸಂದಿಯಲ್ಲಿ ಸೇವಂತಿಗೆ ಎಸಳು. ವಾಯರು ಸಿಕ್ಕಿಸಿದ. ನೀಲಿ ದೀಪ ಹತ್ತಲಿಲ್ಲ.

"ಯವ್ವಾ, ಇದನ್ನ ಯಾರು ಮುಟ್ಟಿದ್ರು?"

"ನಾನ, ಮತ್ಯಾರು? ನೀ ಎರಡು ದಿನ ಧಾರವಾಡಕ್ಕ ಮೀಟಿಂಗಿಗೆ ಹೋಗಿದ್ದೆಲ್ಲ, ಅಮಾಸಿ ಪೂಜಾ ಮಾಡಿದ್ನೆಪಾ. ವಾಯರ್ ಬ್ಯಾರೆ ಬಿದ್ದಿತ್ತು. ಅರ್ಧಾ ಸಾಮಾನಿಗೆ ಪೂಜಾ ಮಾಡಬಾರದು ಅಂತ ಅದನ್ನ ತೂತಿಗೆ ತುರುಕಿದೆ. ತುರುಕೋದಷ್ಟ ತಡ, ದೇವ್ರು ನೀಲಿ ಕಣ್ಣು ಬಿಡ್ತು ನೋಡು! ಒಂದಲ್ಲ ಎರಡಲ್ಲ, ಮೈತುಂಬ ಕಣ್ಣು!"

"ಆಮ್ಯಾಲೆ ತಗದಿ?"

"ಕಣ್ಣು ಬಿಟ್ಟ ದೇವ್ರನ್ನ ಯಾರರ ಎಬ್ಬಸ್ತಾರೇನೋ? ನಿನ್ನೆ ಸಂಜಿಮುಂದ ತಾನ ಕಣ್ಣು ಮುಚ್ಚಿತು. ಆಮ್ಯಾಲೆ ಕೈ ಮುಗದು ತಗದು ಪೆಟ್ಟಿಗ್ಯಾಗ ಇಟ್ಟೆ."

ಶಂಭುಲಿಂಗ ಸತ್ತ ಬ್ಯಾಟರಿ ಎರಡನ್ನೂ ಬಿಚ್ಚಿ ತೆಗೆದ. ಬೇರೆ ದಿನವಾಗಿದ್ದರೆ ನಗುತ್ತಿದ್ದನೇನೋ. ಇವತ್ತು ಬ್ಯಾಡಗಿಯಲ್ಲಿ ಅವನ ಹೆಂಡತಿ ಶ್ರೀದೇವಿಯ ಸೋದರಮಾವನ ಮಗಳು ಶ್ವೇತಾಳ ಮದುವೆ, ಫಿರೋಜನದೇ ಆರ್ಕೆಸ್ಟ್ರಾ. ಮದುವೆ ಕೆಲಸಕ್ಕೆಂದು ಗುರುವಾರವೇ ಬ್ಯಾಡಗಿಗೆ ಹೋದ ಶ್ರೀದೇವಿ, ಹೋಗುವಾಗ ಒಂದು ಕರಾರು ಹಾಕಿಯೇ ಹೋಗಿದ್ದಳು.

"ಲಗ್ನ ಆಗಿ ಎಂಟು ವರ್ಷ ಆತು. ತಬಲಾ ಕೇಳಸ್ತೈತಿ, ಕೀಬೋರ್ಡ್ ಕೇಳಸ್ತೈತಿ, ಆ ಗಿಲಕಿ ಅಳ್ಳಾಡ್ಸಾಂವಂದೂ ಕೇಳಸ್ತೈತಿ. ನಿಮ್ಮದು ಒಂದ ದಿನ ನನ್ನ ಕಿವಿಗೆ ಬಿದ್ದಿಲ್ಲ. ನೀವು ಖರೇನ ಬಾರಸ್ತೀರೋ, ಬಾರಿಸಿದಂಗ ಮಾಡ್ತೀರೋ ನನಗ ಗೊತ್ತಿಲ್ಲ. ಈ ಸಲ ಕೇಳಸ್ತು ಅಂದ್ರ ಅದು ಮನ್ಯಾಗ ಇರ್ಲಿ. ಇಲ್ಲಂದ್ರ ಹುಬ್ಬಳ್ಳ್ಯಾಂವ ಹದಿನೈದು ದಿನದೊಳಗ ವಾಪಸ್ ತಗೋತೀನಿ ಅಂದಾನಲ್ಲ, ಕೊಟ್ಟು ಬರ್ರಿ. ಆ ಜಾಗಾದಾಗ ನನ್ನ ಹೊಲಿಗಿ ಮಷೀನ್ ಇಡ್ತೀನಿ."

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದೇ ಅವನಿಗೆ ಚುಚ್ಚಿದ್ದು. ಊರಿಗೆ ಕೇಳಿಸದಿದ್ದರೆ ಹೋಗಲಿ, ಹೆಂಡತಿಗಾದರೂ ಕೇಳಿಸಬೇಕು ಎಂಬ ಆಸೆ ಅವನಿಗೂ ಇತ್ತು.

ಚೌಕ ಬ್ಯಾಟರಿ ಹುಡುಕಿ ಹೊರಟ. ಭಾನುವಾರ ಬೆಳಿಗ್ಗೆ ರಾಣೆಬೆನ್ನೂರಿನಲ್ಲಿ ತೆರೆದಿದ್ದದ್ದು ಚಹಾದ ಅಂಗಡಿ, ಮಿರ್ಚಿ ಭಜಿ ಗಾಡಿ ಅಷ್ಟೇ. ಬರಿಗೈಲಿ ಮರಳಿದಾಗ ಓಣಿಯೆಲ್ಲ ಅವನ ಕಟ್ಟೆಯ ಮೇಲಿತ್ತು. ಸತ್ತ ಬ್ಯಾಟರಿ ಕೈಯಿಂದ ಕೈಗೆ, ಅಲ್ಲಿಂದ ನಾಲಿಗೆಗೆ ಹೋಗುತ್ತಿತ್ತು. ಒಬ್ಬರು ನೆಕ್ಕಿ "ಇನ್ನಾ ಜೀವ ಐತಿ" ಎಂದರೆ ಇನ್ನೊಬ್ಬರು ನೆಕ್ಕಿ "ಇಲ್ರಿ, ನಿಮ್ಮ ಎಂಜಲದ ರುಚಿ ಅದು" ಎನ್ನುತ್ತಿದ್ದರು. ಎದುರು ಮನೆಯ ಉಚ್ಚಂಗೆವ್ವ ಎಲ್ಲರ ಮನೆಯಿಂದ ಪೆನ್ಸಿಲ್ ಸೆಲ್ಲು ಕೂಡಿಸಿ ಹನ್ನೆರಡು ತಂದಳು. ಹನ್ನೆರಡನ್ನು ಸಾಲಾಗಿ ಜೋಡಿಸಿದರೆ ಲೆಕ್ಕಕ್ಕೆ ಹದಿನೆಂಟು ವೋಲ್ಟು ಬರಬೇಕಿತ್ತು. ಆದರೆ ಜನ ಕೊಟ್ಟದ್ದು ಎಸೆಯಲು ಮನಸ್ಸಾಗದೆ ಕಪಾಟಿನಲ್ಲಿಟ್ಟ ಮುದಿ ಸೆಲ್ಲುಗಳನ್ನು. ಹನ್ನೆರಡೂ ಸೇರಿ ಒಂದು ದೀಪವನ್ನೂ ಮಿಣುಕಿಸಲಿಲ್ಲ.

ಅಷ್ಟರಲ್ಲಿ ಮಲ್ಲಿಕಸಾಬ ಬಂದ. ಮೂಲೆಯ ಮನೆಯಲ್ಲಿ ಮೋಟರ್ ರಿವೈಂಡಿಂಗ್ ಮಾಡುವ ಈ ಮಲ್ಲಿಕಸಾಬನಿಗೆ ಕೆಟ್ಟ ಸಾಮಾನು ಕಂಡರೆ ಹಸಿದವನಿಗೆ ಅನ್ನದ ಪರಾತ ಕಂಡ ಹಾಗೆ. ಕೈಯಲ್ಲಿ ಬಿಳಿ ಡಬ್ಬಿಯೊಂದಿತ್ತು.

"ಹದಿನೆಂಟು ವೋಲ್ಟ್ ಬೇಕಲ್ಲ? ತಗೋ. ನನ್ನ ಡ್ರಿಲ್ ಮಷೀನಿನ ಚಾರ್ಜರ್. ಸೀದಾ ಕರೆಂಟಿನ ಬೋರ್ಡಿಗೆ ಹಾಕು. ಬ್ಯಾಟರಿ ಗೊಡವಿನ ಬ್ಯಾಡ."

"ಕಾಕಾ, ಇದು ನಾಜೂಕ ಸಾಮಾನು…"

"ಶಂಭು, ನಾ ಐವತ್ತು ಎಚ್.ಪಿ. ಮೋಟರ್ ತಿರಿಗಿಸಿದಾಂವ. ನಾಜೂಕ ನನಗ ಹೇಳ್ತಿ?"

ಹಿಂದಿನ ಮುಚ್ಚಳ ಬಿಚ್ಚಿ, ಕೆಂಪಿಗೆ ಕೆಂಪು ಕಪ್ಪಿಗೆ ಕಪ್ಪು ಕೂಡಿಸಿ, ಟೇಪು ಸುತ್ತಿ, ಬಿಳಿ ಡಬ್ಬಿಯನ್ನು ಗೋಡೆಯ ಬೋರ್ಡಿಗೆ ಚುಚ್ಚಿದ. ನೀಲಿ ದೀಪಗಳು ಝಗ್ಗನೆ ಹತ್ತಿದವು. ಓಣಿಯವರು ಚಪ್ಪಾಳೆ ತಟ್ಟಿದರು, ಕರೆವ್ವ ಗಲ್ಲ ಬಡಿದುಕೊಂಡಳು. ದೀಪ ಹತ್ತಿದ ಮೇಲೆ ದನಿ ಹೇಗಿದೆ ಎಂದು ಕೇಳುವ ಯೋಚನೆ ಯಾರಿಗೂ ಬರಲಿಲ್ಲ. ಕೇಳಲು ಸ್ಪೀಕರೂ ಇರಲಿಲ್ಲ. ಅದು ಫಿರೋಜನ ಜೊತೆ ಬ್ಯಾಡಗಿಗೆ ಹೋಗಿಯಾಗಿತ್ತು.

ಮಲ್ಲಿಕಸಾಬ ತನ್ನ ಗೂಡ್ಸ್ ಗಾಡಿ ತೆಗೆದ. "ನನ್ನ ಚಾರ್ಜರ್ ಹಾಡೋದು ನಾ ನೋಡಬ್ಯಾಡ?" ಎಂದು ತಾನೇ ಹೊರಟ. ಮೋಟೆಬೆನ್ನೂರು ದಾಟಿ ಬ್ಯಾಡಗಿಯ ರಸ್ತೆ ಹಿಡಿಯುವಷ್ಟರಲ್ಲಿ ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು ಶುರುವಾಯಿತು. ಶಂಭುಲಿಂಗ ನಾಲ್ಕು ಸಲ ಸೀನಿದ. ಅದನ್ನು ಅಪಶಕುನ ಎನ್ನಲಾಗದು, ಆ ಊರಿಗೆ ಬರುವವರೆಲ್ಲ ಸೀನಿಯೇ ಬರುತ್ತಾರೆ.

ಕಲ್ಯಾಣ ಮಂಟಪದಲ್ಲಿ ಅಕ್ಷತೆಗೆ ಇನ್ನೂ ಹೊತ್ತಿತ್ತು. ಜನ ಉಪ್ಪಿಟ್ಟಿನ ತಾಟು ಹಿಡಿದು ಕುಳಿತಿದ್ದರು. ಶ್ರೀದೇವಿ ಎಲ್ಲಿ ಎಂದು ಕೇಳಿದರೆ ಮದುಮಗಳ ಜೊತೆ ಬ್ಯೂಟಿ ಪಾರ್ಲರಿಗೆ ಹೋಗಿದ್ದಾಳೆ ಎಂದರು. ಅವಳು ಬರುವುದರೊಳಗೆ ಎಲ್ಲ ಸರಿಮಾಡಿಕೊಳ್ಳಬಹುದು ಎಂದು ಶಂಭುಲಿಂಗನಿಗೆ ಸಮಾಧಾನವಾಯಿತು.

"ಹಚ್ಚು ಅಣ್ಣಾ, ಒಮ್ಮೆ ನೋಡಿಬಿಡೂಣು," ಎಂದ ಫಿರೋಜ, ಕೀಬೋರ್ಡಿನ ಹಿಂದಿನಿಂದ.

ಶಂಭುಲಿಂಗ ಬಿಳಿ ಡಬ್ಬಿಯನ್ನು ಬೋರ್ಡಿಗೆ ಚುಚ್ಚಿ, ವಾಯರು ಸಿಕ್ಕಿಸಿ, ವಾಲ್ಯೂಮು ತಿರುಗಿಸಿದ.

ಗುಂಂಂಂಂಯ್ಯ್!

ಅವನು ತಂತಿಯನ್ನು ಮುಟ್ಟಿಯೇ ಇರಲಿಲ್ಲ. ಕರೆಂಟಿನ ಗುಂಯ್‌ಕಾರ ಆಳೆತ್ತರದ ನಾಲ್ಕು ಸ್ಪೀಕರಿನಿಂದ ಒಮ್ಮೆಗೇ ಹೊರಬಿತ್ತು. ಮಂಟಪದ ಕಿಟಕಿ ಗಾಜು ನಡುಗಿದವು, ಮೇಜಿನ ಮೇಲಿನ ಚಮಚಗಳು ತಾವೇ ನಡೆದಾಡಿದವು. ಮುಂದಿನ ಸಾಲಿನಲ್ಲಿದ್ದ ಐರಣಿಯ ಹಿರಿಯರೊಬ್ಬರು ತಾಟು ಬಿಟ್ಟು ಎದ್ದು ಕೂಗಿದರು.

"ಹೆಜ್ಜೇನು! ಹೆಜ್ಜೇನು ಎದ್ದಾವ್ರೋ!"

ಅಷ್ಟೇ ಸಾಕಾಯಿತು. ಮಂಟಪಕ್ಕೆ ಮಂಟಪವೇ ಎದ್ದು ನಿಂತಿತು. ಹೆಂಗಸರು ಸೆರಗನ್ನು, ಗಂಡಸರು ಶಲ್ಯವನ್ನು ತಲೆತುಂಬ ಹೊದ್ದರು. ಓಡಿದರೆ ಜೇನು ಬೆನ್ನು ಹತ್ತುತ್ತವೆ ಎಂದು ಯಾರೋ ಹೇಳಿದ್ದಕ್ಕೆ ಎಲ್ಲರೂ ನಿಂತಲ್ಲೇ ಕಂಬವಾದರು. ಮದುಮಗಳ ತಂದೆ, ಮೆಣಸಿನಕಾಯಿ ದಲಾಲಿ ಪ್ರಭುಲಿಂಗಪ್ಪ ಅಡಿಗೆಮನೆಯಿಂದ ಓಡಿ ಬಂದರು.

"ಹೊಗಿ ಹಾಕ್ರಿ! ಹೊಗಿ ಹಾಕಿದ್ರ ಹೋಗ್ತಾವ!"

ಬೇರೆ ಊರಾಗಿದ್ದರೆ ಬೇವಿನ ಸೊಪ್ಪನ್ನೋ ಹುಲ್ಲನ್ನೋ ಹುಡುಕುತ್ತಿದ್ದರು. ಬ್ಯಾಡಗಿಯಲ್ಲಿ ಕೈಗೆ ಮೊದಲು ಸಿಗುವುದು ಒಂದೇ. ಅಡಿಗೆಯವನು ಕೆಂಡದ ಬುಟ್ಟಿಗೆ ಎರಡು ಬೊಗಸೆ ಒಣಮೆಣಸಿನಕಾಯಿ ಸುರಿದ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ ಖಾರ ಕಮ್ಮಿ ಎಂದು ಹೊಗಳುವವರು ಆ ಹೊಗೆಯಲ್ಲಿ ಒಂದು ನಿಮಿಷ ನಿಲ್ಲಬೇಕಿತ್ತು. ಐರಣಿಯವರು, ಕದರಮಂಡಲಗಿಯವರು, ಹಾವೇರಿಯಿಂದ ಬಂದ ಬೀಗರು, ಎಲ್ಲರ ಕಣ್ಣಿನಿಂದಲೂ ನೀರು ಧಾರೆ ಧಾರೆಯಾಗಿ ಇಳಿಯಿತು.

ಗಾಬರಿಯಲ್ಲಿ ಶಂಭುಲಿಂಗನ ಕೈ ವಾಲ್ಯೂಮನ್ನು ಇಳಿಸುವ ಬದಲು ಏರಿಸಿತು. ಕೊನೆಗೆ ಫಿರೋಜನೇ ಹಾರಿ ಬಂದು ವಾಯರು ಕಿತ್ತ. ಸದ್ದು ನಿಂತಿತು.

"ಹೋದುವು! ನಾ ಹೇಳ್ಲಿಲ್ಲ?" ಎಂದು ಪ್ರಭುಲಿಂಗಪ್ಪ ಕೆಮ್ಮುತ್ತಲೇ ಮೀಸೆ ತಿರುವಿದರು. ಜನ ಅವರನ್ನು ಹೊಗಳಿದರು. ವೇದಿಕೆಯ ಮೇಲೆ ಬೆವರು ಒರೆಸಿಕೊಳ್ಳುತ್ತಿದ್ದವನ ಕಡೆ ಯಾರೂ ನೋಡಲಿಲ್ಲ. ಬೇಸ್ ಬಾರಿಸುವವನನ್ನು ಜನ ಗಮನಿಸದಿರುವುದರಿಂದ ಒಂದು ಲಾಭವಾದದ್ದು ಅವನ ಜೀವನದಲ್ಲಿ ಅದೇ ಮೊದಲು.

ಫಿರೋಜ ಮಾತ್ರ ಹಲ್ಲು ಕಡಿಯುತ್ತಿದ್ದ. "ಅಣ್ಣಾ, ಈ ಡಬ್ಬಿ ಮತ್ತ ಹಚ್ಚಿದ್ರ ನನ್ನ ಆಣಿ. ಅಕ್ಷತಾ ಮುಗಿಯೋದ್ರಾಗ ಬ್ಯಾಟರಿ ತಾ. ಇಲ್ಲಂದ್ರ ನಾನ ಕೀಬೋರ್ಡಿನ್ಯಾಗ ಎಡಗೈಲಿ ಬೇಸ್ ನುಡಸ್ತೀನಿ, ನೀ ಗಿಲಕಿ ಹಿಡ್ಕೊಂಡು ನಿಲ್ಲು."

ಗಿಲಕಿ ಎಂಬ ಮಾತಿಗೆ ಶಂಭುಲಿಂಗ ಹೆಂಡತಿ ಬಂದಳೇ ಎಂದು ಬಾಗಿಲ ಕಡೆ ನೋಡಿದ. ಮಲ್ಲಿಕಸಾಬ ಬಿಳಿ ಡಬ್ಬಿಯನ್ನು ಎತ್ತಿಕೊಂಡು, ತನ್ನ ಮಗುವಿಗೆ ಯಾರೋ ಹೊಡೆದಂಥ ಮುಖ ಮಾಡಿ ಹೊರಗೆ ಹೋದ.

ಆಗ ಶಂಭುಲಿಂಗನಿಗೆ ಹೊಳೆಯಿತು. ಅವನ ಅಂಗಡಿಯಲ್ಲಿ ಬೀಜದ ತೇವ ಅಳೆಯುವ ಮಷೀನು ಇದೆ, ಅದಕ್ಕೂ ಇದೇ ಚೌಕ ಬ್ಯಾಟರಿ. ಬೀಜಕ್ಕಿದ್ದರೆ ಮೆಣಸಿನಕಾಯಿಗೂ ಇರಲೇಬೇಕು. ಪ್ರಭುಲಿಂಗಪ್ಪನವರ ಹತ್ತಿರ ಓಡಿದ.

"ಮಾವಾರ, ನಿಮ್ಮ ಅಂಗಡ್ಯಾಗ ತೇವ ನೋಡೋ ಮಷೀನ್ ಐತೇನ್ರಿ?"

"ಐತಲ್ರಿ ಅಳಿಯಂದ್ರ. ಯಾಕ, ಲಗ್ನದಾಗ ಯಾರ ತೇವ ನೋಡ್ತೀರಿ?"

ಜೇನು ಓಡಿಸಿದ ಹುರುಪಿನಲ್ಲಿದ್ದ ಅವರು ಪೂರ್ತಿ ಕೇಳದೆ ಬೀಗದ ಕೈ ಕೊಟ್ಟರು. "ಒಂದು ಬ್ಯಾಟರಿ ಮಷೀನ್ನ್ಯಾಗ, ಇನ್ನೊಂದು ಗಲ್ಲೆ ಪೆಟ್ಟಿಗ್ಯಾಗ ಐತಿ. ನಾಳೆ ಸೋಮವಾರ ಟೆಂಡರ್ ಐತಿ ಮತ್ತ. ಇವತ್ತ ನನ್ನ ಕೈಗೆ ವಾಪಸ್ ಬರಬೇಕು."

ಶಂಭುಲಿಂಗ ಅಂಗಡಿಗೆ ಓಡಿ, ಚೀಲಗಳ ನಡುವೆ ತೂರಿ, ಬ್ಯಾಟರಿ ಎರಡನ್ನೂ ನಾಲಿಗೆಗೆ ತಾಗಿಸಿ ನೋಡಿದ. ನಾಲಿಗೆ ಚುರ್ರೆಂದಿತು. ಕರೆಂಟೋ ಖಾರದ ಪುಡಿಯೋ ತಿಳಿಯಲಿಲ್ಲ, ತಿಳಿಯುವಷ್ಟು ಹೊತ್ತೂ ಇರಲಿಲ್ಲ. ಮಂಟಪಕ್ಕೆ ಬಂದು ಜೋಡಿಸಿದ. ದೀಪ ಹತ್ತಿದವು. ತಂತಿ ಮೀಟಿದ. ದುಂ… ದನಿ ಮಾಗಿದ ಹಣ್ಣಿನ ಹಾಗೆ ತುಂಬಿ ಬಂತು, ಒಂದು ಎಳೆ ಗುಂಯ್‌ಕಾರವಿಲ್ಲ. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

ಅಕ್ಷತೆ ಬಿತ್ತು, ಹಾಡು ಶುರುವಾಯಿತು. ಮೂರನೇ ಸಾಲಿನಲ್ಲಿ ಹಸಿರು ಇಳಕಲ್ ಸೀರೆ ಉಟ್ಟು ಶ್ರೀದೇವಿ ಕುಳಿತಿದ್ದಳು. ಅವಳ ಕಣ್ಣು ಅವನ ಮೇಲೇ ಇತ್ತು, ಅತ್ತಿತ್ತ ಸರಿಯಲಿಲ್ಲ. ಎಂಟು ವರ್ಷದಲ್ಲಿ ಅವಳು ಹೀಗೆ ಕಿವಿ ಕೊಟ್ಟು ಕುಳಿತದ್ದನ್ನು ಅವನು ನೋಡಿಯೇ ಇರಲಿಲ್ಲ. ಅವನೂ ಜನ್ಮದಲ್ಲಿ ಬಾರಿಸದ ಹಾಗೆ ಬಾರಿಸಿದ. ಫಿರೋಜ ಎಲ್ಲಿ ಏರಿದರೆ ಅಲ್ಲಿ ಕೆಳಗಿನಿಂದ ಹೆಗಲು ಕೊಟ್ಟ, ಹಾಡುವವಳು ಎಲ್ಲಿ ತಡವರಿಸಿದರೆ ಅಲ್ಲಿ ಕೈ ಹಿಡಿದು ದಾಟಿಸಿದ. ಒಂದು ಹಾಡಿನ ನಡುವೆ ಅವನೊಬ್ಬನೇ ಬಾರಿಸುವ ಚೂರೊಂದಿತ್ತು. ಅದನ್ನು ಪೂರ್ತಿ ಶ್ರೀದೇವಿಗೇ ಎಂದು ಬಾರಿಸಿದ. ಫಿರೋಜ ಕೂಡ ತಲೆಯಾಡಿಸಿ "ಕ್ಯಾ ಬಾತ್" ಎಂದ. ಇನ್ನು ಹುಬ್ಬಳ್ಳಿಗೆ ಹೋಗುವ ಮಾತೇ ಇಲ್ಲ ಎಂದು ಶಂಭುಲಿಂಗನ ಮನಸ್ಸು ಹಗುರಾಯಿತು.

ಕಾರ್ಯಕ್ರಮ ಮುಗಿದದ್ದೇ ಶ್ರೀದೇವಿ ವೇದಿಕೆಯ ಹತ್ತಿರ ಬಂದಳು. ಕಣ್ಣು ಕೆಂಪಾಗಿದ್ದವು.

"ಕೇಳಿಸ್ತೇನು?" ಅವನು ಬಗ್ಗಿ ಕೇಳಿದ.

"ಕೇಳಿಸ್ತುರಿ," ಎಂದಳು. "ಎಂಟು ವರ್ಷ ನಿಮಗ ಏನೇನ ಅಂದೆ. ನಂದ ತಪ್ಪಾತು. ಅದು ಮನ್ಯಾಗ ಇರ್ಲಿ. ಹೊಲಿಗಿ ಮಷೀನ್ ನಾ ಎಲ್ಲೆರ ಇಟ್ಕೊಂತೀನಿ."

ಶಂಭುಲಿಂಗ ವೇದಿಕೆಯಿಂದ ಇಳಿದ. ಅವಳ ಕೈ ಹಿಡಿದ, ಬೀಗರು ನೋಡುತ್ತಿದ್ದರೂ ಬಿಡಲಿಲ್ಲ.

"ಯಾವ ಹಾಡಿನ್ಯಾಗ ಕೇಳಿಸ್ತು? ಆ ನಡುವ ನಾ ಒಬ್ಬನ ಬಾರಿಸಿದ್ನೆಲ್ಲ, ಅದಾ?"

"ಹಾಡಿನ್ಯಾಗ ಎಲ್ಲಿ ಬಾರಿಸಿದ್ರಿ? ಹಾಡಿಗಿಂತ ಮೊದ್ಲ ಬಾರಿಸಿದ್ರೆಲ್ಲ, ಅದು!"

"ಮೊದ್ಲ?"

"ನಾವು ಪಾರ್ಲರಿಗೆ ಹೋಗಲಿಲ್ರಿ, ಪಾರ್ಲರಿನಾಕಿನ ಇಲ್ಲಿಗೆ ಬಂದಿದ್ಲು. ಮದುಮಗಳ ಖೋಲ್ಯಾಗ ಇದ್ವಿ. ಗ್ವಾಡಿಗೆ ಹತ್ತಿ ನಿಮ್ಮ ಸ್ಪೀಕರ್. ಒಮ್ಮಿಂದೊಮ್ಮೆ ಗುಂಂಯ್ ಅಂತು ನೋಡ್ರಿ, ನನ್ನ ಎದಿ ಝಲ್ ಅಂತು! ಯಾರ್ದಿದು ಅಂತ ಕಿಡಕ್ಯಾಗ ನೋಡಿದ್ರ ನೀವ ನಿಂತೀರಿ. ಮಂದಿಯೆಲ್ಲ ಎದ್ದು ನಿಂತಿತ್ತು! ಹಿರ್ಯಾರು ಸೈತ ತಲಿಮ್ಯಾಲೆ ಶಲ್ಯ ಹೊತ್ಕೊಂಡು, ಮಂಗಳಾರತಿಗೆ ನಿಂತಂಗ ನಿಂತಿದ್ರು! ಒಬ್ರ ಮಿಸುಕಾಡಲಿಲ್ಲ. ಎಲ್ಲಾರ ಕಣ್ಣಾಗೂ ನೀರು. ನನ್ನ ಕಣ್ಣಾಗೂ ತಡೀಲಾರ್ದಂಗ ನೀರು ಬಂತ್ರಿ."

ಶಂಭುಲಿಂಗ ಹೊರಳಿ ಆ ನಾಲ್ಕು ಸ್ಪೀಕರುಗಳನ್ನು ನೋಡಿದ.

"ನಮ್ಮನಿಯವ್ರು ಅಂತ ಖೋಲ್ಯಾಗ ಎಲ್ಲಾರಿಗೂ ಹೇಳಿದೆ. ಆಮ್ಯಾಲೆ ಯಾಕ ನಿಲ್ಲಿಸಿದ್ರಿ? ಮತ್ತ ಬಾರಸ್ತೀರಿ, ಮತ್ತ ಬಾರಸ್ತೀರಿ ಅಂತ ಕಣ್ಣು ಮುಚ್ಚದ ಕುಂತಿದ್ದೆ. ನೀವು ಬರೇ ಬೆರಳ ಆಡಿಸ್ಕೋತ ನಿಂತ್ರಿ."

ನಿಜ ಹೇಳಿಬಿಡೋಣ ಎಂದುಕೊಂಡ. ಅವಳ ಮುಖ ನೋಡಿದ. ಎಂಟು ವರ್ಷದಲ್ಲಿ ಮೊದಲ ಸಲ ಗಂಡನ ಬಗ್ಗೆ ಹೆಮ್ಮೆಪಟ್ಟ ಮುಖವದು.

"ಆ ಫಿರೋಜ… ಆಂವ ಬ್ಯಾಡ ಅಂದ," ಎಂದ ಮೆಲ್ಲಗೆ.

"ಹೊಟ್ಟಿಕಿಚ್ಚು! ಇರ್ಲಿ ಬಿಡ್ರಿ. ಹಾವೇರಿ ಬೀಗತಿ ಮುತ್ತವ್ವಾರೂ ಖೋಲ್ಯಾಗ ಇದ್ರು. ಬುಧವಾರ ಅವ್ರ ಮನ್ಯಾಗ ಬೀಗರೂಟ. ಹಾಡವ್ರು ಬ್ಯಾಡ, ತಬಲಾ ಬ್ಯಾಡ, ನಿಮ್ಮ ಮನಿಯವ್ರು ಒಬ್ರ ಬಂದು ಅದನ್ನ ಅರ್ಧಾ ತಾಸು ಬಾರಿಸಿದ್ರ ಸಾಕು ಅಂದ್ರು. ನಾ ಮಾತು ಕೊಟ್ಟುಬಿಟ್ಟೇನಿ. ಅಲ್ಲಿ ಅದು ಕೇಳಸ್ಲಿಲ್ಲಂದ್ರ ನನ್ನ ಮಾನ ಹೋಗ್ತೈತಿ ನೋಡ್ರಿ. ಆಮ್ಯಾಲೆ ನೀವುಂಟು, ಹುಬ್ಬಳ್ಳಿ ಬಸ್ ಉಂಟು."

ಅಷ್ಟರಲ್ಲಿ ಪ್ರಭುಲಿಂಗಪ್ಪ ಬಂದು ಅಂಗೈ ಚಾಚಿದರು. ಶಂಭುಲಿಂಗ ಬ್ಯಾಟರಿಗಳನ್ನು ಬಿಚ್ಚಿ ಕೊಟ್ಟ. ದುಃಖವೇನೂ ಆಗಲಿಲ್ಲ. ಆ ತಿಳಿಯಾದ ದನಿ ಈಗ ಯಾರಿಗೂ ಬೇಕಾಗಿರಲಿಲ್ಲ, ಬೇಕಾದದ್ದು ಮಲ್ಲಿಕಸಾಬನ ಬಿಳಿ ಡಬ್ಬಿ. ಅದೊಂದಿದ್ದರೆ ಬುಧವಾರ ವಾಯರು ಸಿಕ್ಕಿಸಿ ಕಣ್ಣು ಮುಚ್ಚಿ ನಿಂತರೆ ಮುಗಿಯಿತು. ಬೆರಳಿಗೂ ಕೆಲಸವಿಲ್ಲ. ಸಂಗೀತಗಾರನಾಗಿ ನಾಚಿಕೆಯಾಯಿತು, ಗಂಡನಾಗಿ ಧೈರ್ಯ ಬಂತು.

ಹೊರಗೆ ಗೂಡ್ಸ್ ಗಾಡಿಯ ಹತ್ತಿರ ಮಲ್ಲಿಕಸಾಬ ಬಿಳಿ ಡಬ್ಬಿ ಹಿಡಿದು ನಿಂತಿದ್ದ. ಮುಖದಲ್ಲಿ ಹಬ್ಬದ ಕಳೆ.

"ಶಂಭು! ಬಾ, ಬಾ. ಊಟಾನೂ ಮಾಡಿಲ್ಲ ನಾನು. ನಾಲ್ಕು ಮಂದ್ಯಾಗ ನನ್ನ ಚಾರ್ಜರ್ ಮಾನ ಕಳೀತಲ್ಲ, ತಡಿಯಾಕ ಆಗಲಿಲ್ಲ. ಇಲ್ಲೇ ನಮ್ಮ ಯೂಸುಫಸಾಬನ ರೇಡಿಯೋ ಅಂಗಡಿ ತಗಸಿ, ಹಳೇ ಕೆಪಾಸಿಟರ್ ಕಿತ್ತು ಒಗದು, ಹೊಸಾವು ಎರಡು ಹಾಕೇನಿ. ಅವನ ಸ್ಪೀಕರಿಗೆ ಹಚ್ಚಿ ನೋಡಿದ್ವಿ. ಕಿವಿ ಹಚ್ಚಿ ಕುಂತ್ರೂ ಸದ್ದಿಲ್ಲ! ಇನ್ನ ಜನ್ಮದಾಗ ಗುಂಯ್ ಅನ್ನಂಗಿಲ್ಲ ಇದು."

ಶಂಭುಲಿಂಗ ಗಿಟಾರಿನ ಪೆಟ್ಟಿಗೆಯ ಮೇಲೇ ಕುಳಿತುಬಿಟ್ಟ. ಹಿಂದಿನಿಂದ ಶ್ರೀದೇವಿ, ಹಾವೇರಿಯ ಮುತ್ತವ್ವನನ್ನು ಕರೆದುಕೊಂಡು, ನಮ್ಮನಿಯವ್ರನ್ನ ತೋರಸ್ತೀನಿ ಬರ್ರಿ ಎನ್ನುತ್ತ ಮೆಟ್ಟಿಲಿಳಿದು ಬರುತ್ತಿದ್ದಳು.

"ಕಾಕಾ," ಎಂದ ಅವನು, ಮಲ್ಲಿಕಸಾಬನ ಎರಡೂ ಕೈ ಹಿಡಿದು. "ನಿನ್ನ ಕಾಲಿಗೆ ಬೀಳ್ತೀನಿ, ಅದನ್ನ ಮೊದ್ಲಿನಂಗ ಕೆಡಿಸಿ ಕೊಡು."

ಮಲ್ಲಿಕಸಾಬ ಕೈ ಕೊಡವಿ ಎರಡು ಹೆಜ್ಜೆ ಹಿಂದೆ ಸರಿದ. ಐವತ್ತು ಎಚ್.ಪಿ. ಮೋಟರ್ ತಿರುಗಿಸಿದ ಮನುಷ್ಯನಿಗೆ ಅಷ್ಟು ಅವಮಾನ ಎಂದೂ ಆಗಿರಲಿಲ್ಲ.

"ಕೆಡಸೂದಾ? ಮೂವತ್ತು ವರ್ಷ ಆತು ಅಂಗಡಿ ಇಟ್ಟು. ಗೊತ್ತಿದ್ದು ಗೊತ್ತಿದ್ದು ಒಂದ ಸಾಮಾನು ಕೆಡಿಸಿಲ್ಲ ನಾನು. ಬೇರೆ ಯಾರನ್ನರ ನೋಡ್ಕೋ."